ಬೇಸಿಗೆಯಲ್ಲಿ ಬಾಯಿಬಿಡುವ ಗೋಡೆ

ಹಿತ್ತಲಿನ ಶೆಡ್ಡಿನ ಹಿಂಗೋಡೆಯಲ್ಲಿ ಬಿರುಕು ಕಾಣಿಸಿಕೊಂಡಾಗ ಅದನ್ನು ಕಟ್ಟಿ ಇನ್ನೂ ವರ್ಷ ತುಂಬಿರಲಿಲ್ಲ. ಮಾರ್ಚ್ ಕೊನೆಯಲ್ಲಿ ಅದು ಕೂದಲೆಳೆಯಷ್ಟಿತ್ತು. ಏಪ್ರಿಲ್ ಮುಗಿಯುವ ಹೊತ್ತಿಗೆ ಮಗಳು ಅದರೊಳಗೆ ಎರಡು ರೂಪಾಯಿಯ ನಾಣ್ಯ ತೂರಿಸಿ, ‘ಅಪ್ಪ, ಇದು ಹುಂಡಿ’ ಎಂದಳು. ನಾಣ್ಯ ಒಳಗೇ ಉಳಿಯಿತು. ಆಗಸ್ಟ್‌ನಲ್ಲಿ ನೋಡಿದರೆ ಹುಂಡಿಗೆ ಬಾಯಿಯೇ ಇಲ್ಲ. ಗೋಡೆ ಏನೂ ಆಗಿಲ್ಲವೆಂಬಂತೆ ಕೂಡಿಕೊಂಡಿತ್ತು, ಗಿಲಾವಿನ ಮೇಲೆ ಒಂದು ಗೆರೆ ಮಾತ್ರ ಇತ್ತು. ಅದರ ಬದಲಿಗೆ ಬಾಗಿಲು ತೊಂದರೆ ಕೊಡತೊಡಗಿತ್ತು. ಅದರ ಕೆಳ ಅಂಚು ನೆಲಕ್ಕೆ ಉಜ್ಜುತ್ತಿತ್ತು, ಭುಜ ಕೊಟ್ಟು ನೂಕಬೇಕಾಗಿತ್ತು. ಮಳೆಗೆ ಉಬ್ಬಿದೆ ಎಂದು ಸಮಾಧಾನ ಮಾಡಿಕೊಳ್ಳೋಣವೆಂದರೆ ಅದು ಮರದ ಬಾಗಿಲಲ್ಲ, ತಗಡಿನದು.

ಮರುವರ್ಷದ ಏಪ್ರಿಲ್‌ನಲ್ಲಿ ಬಿರುಕು ಮತ್ತೆ ಬಾಯಿ ತೆರೆಯಿತು. ಶೆಡ್ಡು ಕಟ್ಟಿದ ಗುತ್ತಿಗೆದಾರರು ಬಂದು, ಒಂದು ಬುಟ್ಟಿ ಸಿಮೆಂಟ್ ಕಲಸಿ, ಅದನ್ನು ಗಟ್ಟಿಯಾಗಿ ತುಂಬಿಸಿ ಹೋದರು. ನನಗೂ ಅದು ಸರಿಯೆಂದೇ ಕಂಡಿತು. ಆ ಆಗಸ್ಟ್‌ನಲ್ಲಿ ಬಿರುಕು ಎಂದಿನಂತೆ ಮುಚ್ಚಿಕೊಳ್ಳಲು ಹೋಯಿತು, ಆದರೆ ಮುಚ್ಚಿಕೊಳ್ಳಲು ಜಾಗವಿರಲಿಲ್ಲ. ಸಿಮೆಂಟು ತುಂಬಿದ ಕಡೆ ಗೋಡೆ ಹೊರಕ್ಕೆ ಉಬ್ಬಿ, ಎರಡು ಇಟ್ಟಿಗೆಗಳ ಮುಖ ಸಿಡಿದು ಬಿತ್ತು. ಎರಡು ವರ್ಷ ನಾನು ನೋಡಿದ್ದು ಗೋಡೆಯನ್ನು. ನೋಡಬೇಕಾಗಿದ್ದು ನೆಲವನ್ನು.

ಇದೇನು ಮಹಾ ಶೆಡ್ಡಲ್ಲ. ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಸೈಕಲ್ಲು, ಗುದ್ದಲಿ, ಹಳೆಯ ಡ್ರಮ್ಮು, ಮನೆಯಲ್ಲಿ ಜಾಗವಿಲ್ಲದ ನನ್ನ ಪತ್ರಿಕೆಗಳ ಕಟ್ಟುಗಳು ಮತ್ತು ನಿವೃತ್ತಿಯ ನಂತರ ಬಡಗಿ ಕೆಲಸ ಕಲಿಯುತ್ತೇನೆಂದು ಕೊಂಡ ಒಂದು ಮರಗೆಲಸದ ಮೇಜು, ಇಷ್ಟೇ ಅದರ ಸಂಸಾರ. ಮನೆ ಇರುವುದು ಹುಬ್ಬಳ್ಳಿಯಿಂದ ಅಣ್ಣಿಗೇರಿ ಕಡೆಗೆ ಹೋಗುವ ದಾರಿಯ ಒಂದು ಬಡಾವಣೆಯಲ್ಲಿ. ಅದು ಅಪ್ಪಟ ಎರೆ ಭೂಮಿ, ಕಪ್ಪು ಜೇಡಿ ಮಣ್ಣಿನ ನೆಲ. ಮನೆ ಕಟ್ಟುವಾಗ ಪಿಲ್ಲರ್ ಗುಂಡಿಗಳನ್ನು ಒಂಬತ್ತು ಅಡಿ ಇಳಿಸಿ, ಗರಸು, ಅಂದರೆ ಕಲ್ಲುಹರಳು ಬೆರೆತ ಗಟ್ಟಿ ಮಣ್ಣು, ಸಿಕ್ಕಿದ ಮೇಲೆಯೇ ಕಾಂಕ್ರೀಟು ಹಾಕಿಸಿದ್ದೆ. ಅದೇ ನಾನು, ಅದೇ ನಿವೇಶನದಲ್ಲಿ, ಮನೆಯಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ಶೆಡ್ಡಿಗೆ ಎರಡೇ ಅಡಿ ತೋಡಿಸಿ ನಿಲ್ಲಿಸಿದೆ. ‘ಶೆಡ್ಡಿಗೆ ಯಾತರ ಪಾಯ ಸರ್’ ಎಂದು ಗುತ್ತಿಗೆದಾರರು ಅಂದಾಗ ತಲೆಯಾಡಿಸಿದವನೂ ನಾನೇ. ಮನೆಯ ಭಾರಕ್ಕೆ ಆಳ ಬೇಕು, ಹಗುರ ಶೆಡ್ಡಿಗೆ ಬೇಡ ಎಂಬ ಲೆಕ್ಕದಲ್ಲಿ ಎಲ್ಲಿ ತಪ್ಪಿದೆಯೆಂದು ಆಗ ಯಾರಾದರೂ ಕೇಳಿದ್ದರೆ ನನಗೆ ಹೇಳಲು ಬರುತ್ತಿರಲಿಲ್ಲ.

ಅಪ್ಪಯ್ಯನ ಪಂಚಾಂಗ

ಆ ಲೆಕ್ಕವನ್ನು ನಾನು ಕಲಿತದ್ದು ಕುಂದಾಪುರದ ಕಡೆಯ ನಮ್ಮ ಊರಿನಲ್ಲಿ. ಅಲ್ಲಿ ಕಟ್ಟಡದ ಪಾಯಕ್ಕೆ ಪಂಚಾಂಗ ಎನ್ನುತ್ತಾರೆ. ಹುಬ್ಬಳ್ಳಿಗೆ ಬಂದ ಹೊಸತರಲ್ಲಿ ‘ಪಂಚಾಂಗ ಎಷ್ಟು ಆಳ ಹಾಕುತ್ತೀರಿ’ ಎಂದು ಗೌಂಡಿಯೊಬ್ಬರನ್ನು ಕೇಳಿದ್ದೆ. ಮುಹೂರ್ತ ನೋಡುವವರು ಬೇರೆಯವರು ಎಂದು ಅವರು ವಿನಯದಿಂದ ಹೇಳಿದರು.

ನಾನು ಆರನೆಯ ತರಗತಿಯಲ್ಲಿದ್ದಾಗ ಅಪ್ಪಯ್ಯ ಮನೆಯ ಹಿಂದೆ ಸೌದೆ ಕೊಟ್ಟಿಗೆ ಕಟ್ಟಿಸಿದರು. ಕಟ್ಟಿಸಿದರು ಎನ್ನುವುದಕ್ಕಿಂತ ಕಟ್ಟಿದರು ಎನ್ನಬೇಕು. ಬಂದಿದ್ದವರು ಇಬ್ಬರೇ ಆಳುಗಳು, ಮೂರನೆಯ ಪಿಕ್ಕಾಸು ಅಪ್ಪಯ್ಯನ ಕೈಯಲ್ಲಿತ್ತು. ಒಂದೂವರೆ ಅಡಿ ಕೆಂಪು ಮಣ್ಣು ತೆಗೆದಿರಬಹುದು, ಪಿಕ್ಕಾಸಿನ ಸದ್ದು ಬದಲಾಯಿತು. ಅಲ್ಲಿಯವರೆಗೆ ಮೆತ್ತಗೆ ಕೇಳುತ್ತಿದ್ದ ಏಟು ಒಮ್ಮೆಲೇ ಠಣ್ ಎಂದಿತು. ಅಪ್ಪಯ್ಯ ಕೆಲಸ ನಿಲ್ಲಿಸಿ ಬೆವರು ಒರೆಸಿಕೊಂಡರು. ‘ಇನ್ನು ತೋಡುವುದು ಬೇಡ, ಇದು ಭೂಮಿಯೇ ಹಾಕಿಟ್ಟ ಪಂಚಾಂಗ’ ಎಂದರು. ಆ ಗಟ್ಟಿ ಮುರಕಲ್ಲಿನ ಮೇಲೆ ಮೂರು ಸಾಲು ಕೆತ್ತಿದ ಮುರಕಲ್ಲು, ಅದರ ಮೇಲೆ ಕಂಬಗಳು, ಮೇಲೆ ಹಂಚು. ಅಷ್ಟೇ. ಮುರಕಲ್ಲನ್ನು ಆಗ ತಾನೇ ಕಡಿದಾಗ ಕತ್ತಿಯಲ್ಲಿ ಕೆರೆಯಬಹುದಾದಷ್ಟು ಮೆದುವಾಗಿರುತ್ತದೆ. ಗಾಳಿ ಬಿಸಿಲು ತಾಗುತ್ತ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯ ಕೇರಳದ ಅಂಗಾಡಿಪುರಂನಲ್ಲಿ ಇಂಥದೇ ಕಲ್ಲನ್ನು ನೋಡಿ, 1807ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಲ್ಯಾಟಿನ್ ಭಾಷೆಯ ಇಟ್ಟಿಗೆಯ ಪದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟ. ನಮ್ಮ ಕಡೆಯವರಿಗೆ ಅದು ಕಲ್ಲೂ ಹೌದು, ಇಟ್ಟಿಗೆಯೂ ಹೌದು.

ಆ ಕೊಟ್ಟಿಗೆಯ ಮೇಲೆ ಪ್ರತಿ ವರ್ಷ ನಾಲ್ಕು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುತ್ತದೆ. ಹಂಚು ಒಡೆದಿದೆ, ಪಕಾಸು ಗೆದ್ದಲು ಹಿಡಿದಿದೆ, ಎರಡು ಸಲ ತೆಂಗಿನ ಮಡಲು ಬಿದ್ದು ಮಾಡು ಕುಸಿದಿದೆ. ಪಂಚಾಂಗ ಒಂದು ಕೂದಲಿನಷ್ಟೂ ಅಲುಗಿಲ್ಲ. ಇದನ್ನು ನೋಡುತ್ತ ಬೆಳೆದವನಿಗೆ, ಅದರ ಕಾಲು ಭಾಗದಷ್ಟೂ ಮಳೆ ಬೀಳದ ಊರಿನಲ್ಲಿ ನೀರಿನಿಂದ ಪಾಯ ಕೆಡುತ್ತದೆ ಎಂದರೆ ನಂಬಿಕೆ ಬರುವುದಾದರೂ ಹೇಗೆ?

ಕಾಕಾ ಕೇಳಿದ ಕೊಡ ನೀರು

ಗೋಡೆ ಸಿಡಿದ ಮೇಲೆ ಪಕ್ಕದ ಬೀದಿಯ ಒಬ್ಬ ಹಿರಿಯ ಗೌಂಡಿಯನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದವರು, ಕೆಲಸ ಬಿಟ್ಟು ವರ್ಷಗಳಾಗಿದ್ದವು. ಬಡಾವಣೆಯಲ್ಲಿ ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವರು ಬಿರುಕಿನ ಕಡೆ ತಿರುಗಿಯೂ ನೋಡಲಿಲ್ಲ. ಶೆಡ್ಡನ್ನು ಎರಡು ಸುತ್ತು ಹಾಕಿ ಬಂದು, ‘ಬಟ್ಟೆ ಒಗೆಯುವ ಕಲ್ಲು ಇಲ್ಲಿ ಯಾವಾಗಿನಿಂದ ಇದೆ?’ ಎಂದು ಕೇಳಿದರು. ಶೆಡ್ಡಿನ ಎಡ ಮೂಲೆಗೆ ತಾಗಿದ ಹಾಗೆಯೇ ಅದು ಇತ್ತು, ಅದರ ನೀರೆಲ್ಲ ಅಲ್ಲೇ ಇಂಗುತ್ತಿತ್ತು. ಬಳಿಕ ಬಲ ಮೂಲೆಯ ಬೇವಿನ ಮರವನ್ನು ತೋರಿಸಿ, ‘ಇದು ಎಷ್ಟು ವರ್ಷದ್ದು?’ ಎಂದರು. ಒಂದು ಕೊಡ ನೀರು ತರಿಸಿದರು. ನಾನು ಕುಡಿಯಲಿಕ್ಕೆ ಎಂದುಕೊಂಡೆ. ಬೇವಿನ ಬುಡದ ಹತ್ತಿರ ಒಂದು ಅಡಿ ಆಳದ ಸಣ್ಣ ಗುಂಡಿ ತೆಗೆಸಿ, ಅದರ ಗೋಡೆಯಿಂದ ಒಂದು ಹೆಂಟೆ ಎತ್ತಿ ನನ್ನ ಕೈಗೆ ಕೊಟ್ಟರು. ಇಟ್ಟಿಗೆಯಷ್ಟು ಗಟ್ಟಿ. ‘ಇದನ್ನು ಬಕೆಟ್ಟಿನಲ್ಲಿ ಹಾಕಿ, ಈ ನೀರು ಸುರಿಯಿರಿ, ನಾಳೆ ನೋಡಿರಿ’ ಎಂದು ಹೇಳಿ ಹೊರಟುಬಿಟ್ಟರು.

ಮರುದಿನ ಹೆಂಟೆ ಇರಲಿಲ್ಲ. ಬಕೆಟ್ಟಿನ ತಳದಲ್ಲಿ ಬೆಣ್ಣೆಯಂಥ ಕಪ್ಪು ಕೆಸರು ಇತ್ತು, ಹೆಂಟೆಯಿದ್ದಾಗಿನದಕ್ಕಿಂತ ಎಷ್ಟೋ ಹೆಚ್ಚಿನ ಜಾಗ ತುಂಬಿಕೊಂಡು.

ಎರೆ ಮಣ್ಣಿನ ಗುಣ ಇಲ್ಲಿನ ರೈತರಿಗೆ ಹೇಳಬೇಕಾದ್ದಿಲ್ಲ. ಮಳೆಯಲ್ಲಿ ಹತ್ತು ಹೆಜ್ಜೆ ನಡೆದರೆ ಚಪ್ಪಲಿ ಮೂರು ಅಂಗುಲ ಎತ್ತರವಾಗುತ್ತದೆ, ಬೇಸಿಗೆಯಲ್ಲಿ ಹೊಲದ ಬಿರುಕಿನೊಳಗೆ ಇಡೀ ಕೋಲು ಇಳಿಯುತ್ತದೆ. ಈ ಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜದ ಕಣಗಳು ಹಾಳೆ ಹಾಳೆಯಾಗಿರುತ್ತವೆ, ನೀರು ಆ ಹಾಳೆಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತದೆ. ಒಣಗಿದಾಗ ಹಾಳೆಗಳು ಮತ್ತೆ ಹತ್ತಿರ ಬರುತ್ತವೆ. ನಮ್ಮ ಊರಿನ ಕೆಂಪು ಮಣ್ಣಿನ ಜೇಡಿಗೆ ಈ ಹಸಿವಿಲ್ಲ, ಎಷ್ಟು ಮಳೆ ಸುರಿದರೂ ನೀರು ಅದರ ಸಂದಿಗಳಲ್ಲಿ ಹಾದು ಹೋಗುತ್ತದೆ. ಹಿಂಗಾರಿ ಜೋಳ, ಕಡಲೆ ಇಲ್ಲಿ ಹೆಚ್ಚು ಮಳೆಯಿಲ್ಲದೆ ಬರಿಯ ಇಬ್ಬನಿ ಮತ್ತು ನೆಲದ ತೇವದಲ್ಲಿ ಬರುವುದು ಈ ಹಸಿವಿನಿಂದಲೇ. ನನ್ನ ಗೋಡೆ ಒಡೆದದ್ದೂ ಅದರಿಂದಲೇ. ಹೀಗಿರುವಾಗ ಮಣ್ಣನ್ನು ಬೈಯುವುದು ಹೇಗೆ?

ಕಾಕಾ ಎರಡು ಪ್ರಶ್ನೆಗಳಲ್ಲಿ ನನ್ನ ಎರಡು ವರ್ಷದ ಒಗಟನ್ನು ಬಿಡಿಸಿದ್ದರು. ಒಗೆಯುವ ಕಲ್ಲಿನ ಕಡೆಯ ಮಣ್ಣು ವರ್ಷವಿಡೀ ತೇವದಲ್ಲಿ ಉಬ್ಬಿಯೇ ಇರುತ್ತದೆ. ಬೇವಿನ ಕಡೆಯ ಮಣ್ಣನ್ನು ಬೇರುಗಳು ಬೇಸಿಗೆಯಲ್ಲಿ ಹೀರಿ ಒಣಗಿಸುತ್ತವೆ, ಆ ಮೂಲೆ ಕುಸಿಯುತ್ತದೆ. ನಡುವಿನ ಗೋಡೆ ಬಾಯಿಬಿಡುತ್ತದೆ. ಮಳೆಗಾಲದಲ್ಲಿ ಬೇವಿನ ಮೂಲೆಯೂ ಮೇಲೆದ್ದು ಎರಡೂ ಸಮನಾಗುತ್ತವೆ, ಬಾಯಿ ಮುಚ್ಚುತ್ತದೆ. ಅದೇ ಹೊತ್ತಿಗೆ ನೆಲದ ಕಾಂಕ್ರೀಟಿನ ಅಡಿಯ ಮಣ್ಣೂ ಉಬ್ಬಿ, ನೆಲ ಎದ್ದು ಬಾಗಿಲಿಗೆ ಉಜ್ಜುತ್ತದೆ. ಏಪ್ರಿಲ್‌ನಲ್ಲಿ ಬಿರುಕಿಗೆ ಸಿಮೆಂಟು ತುಂಬಿದ್ದು, ಉಸಿರು ಬಿಟ್ಟು ಕುಗ್ಗಿದವನ ಹೊಟ್ಟೆಗೆ ಬಿಗಿಯಾಗಿ ಹಗ್ಗ ಕಟ್ಟಿದ ಹಾಗೆ. ಮೊದಲು ಶೆಡ್ಡು ಕಟ್ಟಿಸಿದ್ದೂ ಏಪ್ರಿಲ್‌ನಲ್ಲೇ, ಮಣ್ಣು ವರ್ಷದಲ್ಲಿ ಅತಿ ಹೆಚ್ಚು ಕುಗ್ಗಿರುವ ತಿಂಗಳಿನಲ್ಲಿ. ಮಳೆಗಾಲದಲ್ಲಿ ಕೆಲಸ ಕಷ್ಟ ಎಂಬ ನಮ್ಮೂರಿನ ಬುದ್ಧಿ!

ಇನ್ನು ಹಗುರದ ಲೆಕ್ಕ. ಒಂಬತ್ತು ಅಂಗುಲ ದಪ್ಪ, ಎಂಟಡಿ ಎತ್ತರದ ಇಟ್ಟಿಗೆ ಗೋಡೆ ಒಂದೂವರೆ ಅಡಿ ಅಗಲದ ಪಾಯದ ಮೇಲೆ ಕೂತರೆ ನೆಲದ ಮೇಲೆ ಬೀಳುವ ಭಾರ ಚದರ ಮೀಟರಿಗೆ ಎರಡೂವರೆ ಟನ್ನಿನ ಹತ್ತಿರ. ಪಾಯದ ಕಲ್ಲಿನ ತೂಕ ಸೇರಿಸಿ ಮೂರೂವರೆ ಎಂದೇ ಇಟ್ಟುಕೊಳ್ಳೋಣ. ಒಳ್ಳೆಯ ಎರೆ ಮಣ್ಣು ಉಬ್ಬುವಾಗ ಒತ್ತುವ ಬಲ ಚದರ ಮೀಟರಿಗೆ ಹತ್ತು ಟನ್ನನ್ನು ಸಲೀಸಾಗಿ ದಾಟುತ್ತದೆ. ಒಳ್ಳೆಯ ಎಂದದ್ದು ಜೋಳಕ್ಕೆ ಒಳ್ಳೆಯ ಎಂಬ ಅರ್ಥದಲ್ಲಿ. ಮಣ್ಣನ್ನು ಅದುಮಿ ಹಿಡಿಯುವಷ್ಟು ಭಾರ ಹಗುರ ಕಟ್ಟಡಕ್ಕೆ ಇರುವುದೇ ಇಲ್ಲ. ದೊಡ್ಡ ಕಟ್ಟಡ ಇಲ್ಲಿ ಕೆಳಕ್ಕೆ ಇಳಿಯದಂತೆ ನೋಡಿಕೊಳ್ಳಬೇಕು. ಸಣ್ಣದನ್ನು ಮೇಲಕ್ಕೆ ಏಳದಂತೆ ಹಿಡಿಯಬೇಕು. ನಾನು ಚಿಕ್ಕಂದಿನಿಂದ ಪಾಯವೆಂದರೆ ಹೊರುವ ವಸ್ತು ಎಂದುಕೊಂಡಿದ್ದೆ. ಅದು ಹಿಡಿದುಕೊಳ್ಳುವ ವಸ್ತುವೂ ಆಗಬಹುದು ಎಂದು ಹೊಳೆದದ್ದು ಆ ಬಕೆಟ್ಟಿನ ಕೆಸರು ನೋಡಿದ ಮೇಲೆ.

ನಾಲ್ಕಡಿ ಅಗಲದ ಓಣಿ

ಮುಂದೆ ಏನು ಮಾಡುವುದೆಂದು ಒಂದು ತಿಂಗಳು ತಲೆ ಕೆಡಿಸಿಕೊಂಡೆ. ಗೋಡೆಗಳನ್ನು ಉಳಿಸಿಕೊಳ್ಳುವ ಆಸೆಯನ್ನು ಮೊದಲು ಬಿಟ್ಟೆ, ಅದು ಸುಲಭವಾಗಿರಲಿಲ್ಲ. ಕೆಡವುವಾಗ ಹುಂಡಿಯ ನಾಣ್ಯ ಸಿಕ್ಕಿತು. ಮಗಳು ಬಡ್ಡಿ ಕೇಳಿದಳು.

ಎಲ್ಲಕ್ಕಿಂತ ಅಗ್ಗದ ದಾರಿ ಕಾಕಾ ಹೇಳಿದ್ದು. ಪಾಯವೇ ಬೇಡ. ಕಬ್ಬಿಣದ ಆಂಗಲ್‌ಗಳ ಚೌಕಟ್ಟು, ತಗಡಿನ ಗೋಡೆ, ತಗಡಿನ ಮಾಡು, ಅಡಿಯಲ್ಲಿ ಆರು ಕಾಂಕ್ರೀಟ್ ದಿಮ್ಮಿಗಳು, ದಿಮ್ಮಿಗೂ ಕಾಲಿಗೂ ನಡುವೆ ಏರಿಸಿ ಇಳಿಸಬಹುದಾದ ಬೋಲ್ಟು. ‘ಏಳುತ್ತದೆ, ಇಳಿಯುತ್ತದೆ, ನಿಮ್ಮದೇನು ಹೋಗುತ್ತದೆ ಸರ್? ವರ್ಷಕ್ಕೆ ಎರಡು ಸಲ ಪಾನಾ ಹಿಡಿದು ಸಮ ಮಾಡಿಕೊಳ್ಳಿರಿ.’ ಮಣ್ಣಿನ ಮಾಳಿಗೆಯ ಹಳೆಯ ಮೇಲ್ಮುದ್ದಿ ಮನೆಗಳನ್ನು ಅವರು ಉದಾಹರಣೆಯಾಗಿ ಕೊಟ್ಟರು. ಅಲ್ಲಿ ಮಾಳಿಗೆಯ ಭಾರವನ್ನು ಹೊರುವುದು ಮರದ ಕಂಬ, ತೊಲೆ, ಜಂತೆಗಳು. ಮಣ್ಣಿನ ಗೋಡೆ ಬಿರಿದರೆ ಸಾರಿಸಿ ಮೆತ್ತಿಕೊಳ್ಳುತ್ತಾರೆ, ಯಾರೂ ಗಾಬರಿಯಾಗುವುದಿಲ್ಲ. ಸೈಕಲ್ಲು, ಗುದ್ದಲಿ ಇಡುವ ಶೆಡ್ಡು ಬೇಕೆಂದು ಎರೆ ನೆಲದಲ್ಲಿ ಯಾರಾದರೂ ಕೇಳಿದರೆ ಈಗಲೂ ನಾನು ಮೊದಲು ಹೇಳುವುದು ಇದನ್ನೇ. ನಾನು ಇದನ್ನು ಒಪ್ಪದಿದ್ದುದಕ್ಕೆ ಕಾರಣ ಆ ಮರಗೆಲಸದ ಮೇಜು ಮತ್ತು ಸ್ವಲ್ಪ ಹಟ. ಮಟ್ಟ ಅಲುಗುವ ನೆಲದ ಮೇಲೆ ಕೂತು ಹಲಗೆಗೆ ಉಜ್ಜುಗೊರಡು ಹಿಡಿಯಲು ಮನಸ್ಸು ಒಪ್ಪಲಿಲ್ಲ.

ಎರಡನೆಯದು ಮಣ್ಣನ್ನೇ ಬದಲಿಸುವುದು. ಮೂರೂವರೆ ಅಡಿ ಎರೆ ಮಣ್ಣು ತೆಗೆದು, ಆರಾರು ಅಂಗುಲದ ಪದರಗಳಲ್ಲಿ ಗರಸು ಹಾಕಿ, ನೀರು ಚಿಮುಕಿಸಿ, ದಮ್ಮಸು ಮಾಡುತ್ತ ಮೇಲೆ ಬರುವುದು. ಉಸುಕು ತುಂಬಿದರಾಗದೇ ಎಂದು ಕೇಳಿದೆ. ಆಗದು. ಎರೆ ಮಣ್ಣಿನ ಗುಂಡಿಯಲ್ಲಿ ಉಸುಕು ತುಂಬಿದರೆ ಅದೊಂದು ತೊಟ್ಟಿ, ಸುತ್ತಲಿನ ನೀರೆಲ್ಲ ಬಂದು ಅದರಲ್ಲಿ ನಿಂತು ತಳದ ಮಣ್ಣನ್ನು ನೆನೆಸುತ್ತದೆ. ಗರಸಿಗೆ ಅಂಟಿಕೊಳ್ಳುವ ಗುಣವಿದೆ, ಉಬ್ಬುವ ಗುಣವಿಲ್ಲ. ಅಂಟುವ ಆದರೆ ಉಬ್ಬದ ಮಣ್ಣಿನ ಪದರವೊಂದನ್ನು ಎರೆಯ ಮೇಲೆ ಹಾಸಿ ಅದರ ಉಬ್ಬರವನ್ನು ತಡೆಯುವ ವಿಧಾನದ ಮೇಲೆ ಐಐಟಿ ಬಾಂಬೆಯಲ್ಲಿ ಪ್ರೊಫೆಸರ್ ಆರ್. ಕೆ. ಕಟ್ಟಿಯವರು ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ರಸ್ತೆ, ಕಾಲುವೆಗಳಿಗೆ ಅದು ಬಳಕೆಗೂ ಬಂದಿದೆ. ನನ್ನ ಅಡ್ಡಿ ವಿಜ್ಞಾನದ್ದಲ್ಲ, ಓಣಿಯದು. ಮನೆಗೂ ಕಾಂಪೌಂಡಿಗೂ ನಡುವಿನ ದಾರಿ ನಾಲ್ಕೇ ಅಡಿ. ಟ್ರ್ಯಾಕ್ಟರ್ ಹಿತ್ತಲಿಗೆ ಬರುವುದಿಲ್ಲ. ಶೆಡ್ಡಿನ ಅಳತೆಗಿಂತ ಸುತ್ತ ಒಂದೊಂದು ಅಡಿ ಹೆಚ್ಚು ತೆಗೆದರೆ ಆರು ಬ್ರಾಸ್‌ನಷ್ಟು (ಒಂದು ಬ್ರಾಸ್ ಎಂದರೆ ನೂರು ಘನ ಅಡಿ) ಮಣ್ಣು ಬುಟ್ಟಿಯಲ್ಲಿ ಹೊರಕ್ಕೆ ಹೋಗಬೇಕು, ಅಷ್ಟೇ ಗರಸು ಬುಟ್ಟಿಯಲ್ಲಿ ಒಳಕ್ಕೆ ಬರಬೇಕು. ಲೆಕ್ಕ ಹಾಕಿದ ದಿನವೇ ಆ ವಿಚಾರ ಕೈಬಿಟ್ಟೆ.

ಉಳಿದದ್ದು ಬುಡದಲ್ಲಿ ಉಬ್ಬು ಇರುವ ಪೈಲು, ಅಂದರೆ ನೆಲದೊಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ, ಎಂಜಿನಿಯರುಗಳ ಮಾತಿನಲ್ಲಿ ಅಂಡರ್‌ರೀಮ್ಡ್ ಪೈಲ್. ಇದು ನಮ್ಮ ದೇಶದ ಎರೆ ಮಣ್ಣಿಗೆಂದೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬೆಳೆಸಿದ ಪದ್ಧತಿ, ಪೈಲುಗಳ ಭಾರತೀಯ ಮಾನಕ ಐಎಸ್ 2911ರ ಮೂರನೆಯ ಭಾಗ ಪೂರ್ತಿ ಇದಕ್ಕೇ ಮೀಸಲು. ಕೈಯಿಂದ ತಿರುಗಿಸುವ ಆಗರ್‌ನಲ್ಲಿ ಕಿರಿದಾದ ಗುಂಡಿ ಕೊರೆಯುತ್ತಾರೆ. ತಳ ತಲುಪಿದ ಮೇಲೆ ಕೊಡೆಯಂತೆ ಅರಳುವ ಬ್ಲೇಡಿನ ಇನ್ನೊಂದು ಉಪಕರಣ ಇಳಿಸಿ, ಅಲ್ಲಿ ಗುಂಡಿಯನ್ನು ಎರಡೂವರೆ ಪಟ್ಟು ಅಗಲ ಮಾಡುತ್ತಾರೆ. ಕಾಂಕ್ರೀಟು ತುಂಬಿದರೆ ನೆಲದೊಳಗೆ ತಲೆಕೆಳಗಾಗಿ ನೆಟ್ಟ ಈರುಳ್ಳಿ ಗಿಡದಂತೆ ಎಂದು ಹೇಳಹೊರಟಿದ್ದೆ, ಆದರೆ ಈರುಳ್ಳಿ ಇರುವುದೇ ಹಾಗೆ, ನೆಟ್ಟಗೆ ನೆಟ್ಟರೂ ಗಡ್ಡೆ ಕೆಳಗೇ. ಮೇಲಿನ ಮಣ್ಣು ಉಬ್ಬಿ ಕಂಬವನ್ನು ಹಿಡಿದೆತ್ತಲು ನೋಡಿದರೆ, ವರ್ಷವಿಡೀ ತೇವ ಬದಲಾಗದ ಆಳದಲ್ಲಿರುವ ಆ ಗಡ್ಡೆ ಬಿಡುವುದಿಲ್ಲ. ಆಳವಾದ ಎರೆಯಲ್ಲಿ ಸಾಮಾನ್ಯವಾಗಿ ಮೂರೂವರೆ ಮೀಟರ್ ಇಳಿಸುತ್ತಾರೆ. ನನ್ನಲ್ಲಿ ಒಂಬತ್ತಡಿಗೆ ಗರಸು ಇತ್ತಾದ್ದರಿಂದ ಹನ್ನೊಂದು ಅಡಿ ಸಾಕೆಂದು ಲೆಕ್ಕ ಮಾಡಿಕೊಟ್ಟ ಎಂಜಿನಿಯರ್ ಹೇಳಿದರು. ಆರು ಗುಂಡಿಗಳಿಂದ ಬರುವ ಮಣ್ಣು ಅರ್ಧ ಬ್ರಾಸ್ ಮಾತ್ರ. ಓಣಿ ಒಪ್ಪಿತು. ಹೆಂಡತಿ ಒಪ್ಪಲಿಲ್ಲ. ‘ಮರಕ್ಕಿಂತ ಬೇರೇ ದುಬಾರಿ’ ಎಂದಳು. ಖರ್ಚಿನ ಪಟ್ಟಿಯ ಕೆಳಗಿನ ಮೊತ್ತ ನೋಡಿದರೆ ಅವಳ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಸಂಕ್ರಾಂತಿಯ ನಂತರ

ಈ ಸಲ ಏಪ್ರಿಲ್‌ವರೆಗೆ ಕಾಯಲಿಲ್ಲ. ಸಂಕ್ರಾಂತಿ ಕಳೆದ ವಾರ ಕೆಲಸ ಶುರುವಾಯಿತು. ಆಗರಿನ ಹಿಡಿಕೆಗೆ ಎರಡೂ ಕಡೆ ಒಬ್ಬೊಬ್ಬರು ನಿಂತು, ಗಾಣದ ಎತ್ತಿನಂತೆ ಸುತ್ತುತ್ತಿದ್ದರು. ಎರಡು ಮೂರು ಸುತ್ತಿಗೊಮ್ಮೆ ಎತ್ತಿ, ಅಂಟಿದ ಮಣ್ಣು ಕೆರೆದು ಮತ್ತೆ ಇಳಿಸಬೇಕು. ಕಾಕಾ ಕುರ್ಚಿ ಹಾಕಿಸಿಕೊಂಡು ಕೂತಿದ್ದರು. ಮೊದಲ ಐದಡಿಯ ಮಣ್ಣು ಹೆಂಟೆಯಾಗಿ ಬಂತು, ಆಮೇಲೆ ಮೇಣದಂತೆ ಹೊಳೆಯುವ ಮಣ್ಣು, ಎಂಟಡಿಯ ಬಳಿಕ ಅದರಲ್ಲಿ ಬಿಳಿ ಸುಣ್ಣದ ಹರಳುಗಳು. ಒಂಬತ್ತೂವರೆ ಅಡಿಗೆ ಆಗರಿನ ಸದ್ದು ಬದಲಾಯಿತು. ಅಪ್ಪಯ್ಯನ ಪಿಕ್ಕಾಸಿನ ಠಣ್ ಅಲ್ಲ, ಬಾಣಲೆಯನ್ನು ತೆಂಗಿನ ನಾರಿನಿಂದ ಉಜ್ಜಿದಂಥ ಕರಕರ. ನನಗೆ ಅಷ್ಟೇ ಸಾಕಾಗಿತ್ತು. ಊರಿಗೆ ಫೋನು ಮಾಡಿದೆ.

‘ಪಂಚಾಂಗ ಎಷ್ಟು ಅಡಿ?’ ಎಂದರು ಅಪ್ಪಯ್ಯ.

‘ಹನ್ನೊಂದು.’

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ‘ನೀರು ಬಂತಾ?’ ಎಂದು ಕೇಳಿದರು.

ಸಂಜೆ ಉಬ್ಬು ಕೊರೆದು ಮುಗಿದ ಗುಂಡಿಗಳಿಗೆ ಅಂದೇ ಸರಳು ಇಳಿಸಿ ಕಾಂಕ್ರೀಟು ತುಂಬಿಸಿದೆವು, ರಾತ್ರಿ ಬಾಯಿ ತೆರೆದು ಬಿಡಬಾರದೆಂದು. ಆರೂ ಪೈಲುಗಳ ತಲೆಗಳನ್ನು ಸೇರಿಸಿ ಸುತ್ತ ಪ್ಲಿಂತ್ ಬೀಮ್, ಅಂದರೆ ಗೋಡೆಯನ್ನು ಹೊರುವ ಕಾಂಕ್ರೀಟ್ ತೊಲೆ, ಹಾಕಿದೆವು. ಬೀಮಿನ ವಿಷಯದಲ್ಲಿ ಜಗಳವೇ ಆಯಿತು. ಬೀಮು ನೆಲವನ್ನು ಮುಟ್ಟಬಾರದು, ಅಡಿಯಲ್ಲಿ ನಾಲ್ಕು ಬೆರಳು ಖಾಲಿ ಇರಬೇಕು, ಮಣ್ಣು ಉಬ್ಬಿದರೆ ಆ ಖಾಲಿಯೊಳಗೆ ಉಬ್ಬಲಿ ಎಂಬುದು ಇಡೀ ಲೆಕ್ಕದ ಮರ್ಮ. ಕೆಲಸಕ್ಕೆ ಬಂದಿದ್ದ ಹುಡುಗರಿಗೆ ಅದು ಕಳಪೆ ಕೆಲಸವಾಗಿ ಕಂಡಿತು. ನಾನು ಮಧ್ಯಾಹ್ನ ಊಟಕ್ಕೆ ಹೋಗಿ ಬರುವಷ್ಟರಲ್ಲಿ ಒಬ್ಬ ನಿಷ್ಠಾವಂತ ಎಂಟಡಿ ಉದ್ದದ ಖಾಲಿಗೆ ಕಲ್ಲು, ಗಾರೆ ತುಂಬಿ ಗಟ್ಟಿ ಮಾಡಿದ್ದ. ಅವನನ್ನು ಬೈಯುವುದಕ್ಕಾಗಲಿಲ್ಲ. ಎರಡು ವರ್ಷದ ಹಿಂದೆ ನಾನೇ ಅದನ್ನು ನೋಡಿದ್ದರೆ ಅವನಿಗೆ ಚಹಾ ಕುಡಿಸುತ್ತಿದ್ದೆ. ಕಾಕಾ ಎದ್ದು ಬಂದು, ‘ತಮ್ಮಾ, ಉಂಡವನ ಹೊಟ್ಟೆಗೆ ಜಾಗ ಬಿಡಬೇಕು’ ಎಂದು ಹೇಳಿ ಅವನ ಕೈಯಿಂದಲೇ ಬಿಡಿಸಿದರು.

ನೆಲಕ್ಕೆ ಈ ಸಲ ಕಾಂಕ್ರೀಟು ಹಾಕಲಿಲ್ಲ. ಒಂದು ಅಡಿ ಗರಸಿನ ಮೇಲೆ ಶಹಾಬಾದ್ ಫರಸಿಗಳನ್ನು ಗಾರೆಯಿಲ್ಲದೆ ಜೋಡಿಸಿದ್ದೇವೆ. ಅವು ಬೀಮಿಗೆ ಅಂಟಿಕೊಂಡಿಲ್ಲ. ಗೋಡೆ ಮೊಣಕಾಲೆತ್ತರಕ್ಕೆ ಇಟ್ಟಿಗೆ, ಮೇಲೆ ತಗಡು. ಮಾಡಿನ ನೀರು ದೋಣಿಯಲ್ಲಿ ಹರಿದು ಪೈಪಿನ ಮೂಲಕ ದೂರದ ಚರಂಡಿಗೆ ಹೋಗುತ್ತದೆ. ಸುತ್ತ ಮೂರಡಿ ಅಗಲಕ್ಕೆ ಹೊರಕ್ಕೆ ಇಳಿಜಾರಾದ ಫರಸಿ ಹಾಸಿದೆ. ಒಗೆಯುವ ಕಲ್ಲನ್ನು ಹಿತ್ತಲಿನ ಇನ್ನೊಂದು ತುದಿಗೆ ಸಾಗಿಸಿದೆವು. ಬೇವಿನ ಮರವನ್ನು ಕಡಿಯಿರೆಂದು ಮೂವರು ಹೇಳಿದರು. ಕಡಿದರೆ ಅದು ಇಷ್ಟು ವರ್ಷ ಹೀರುತ್ತಿದ್ದ ನೀರು ಮಣ್ಣಿನಲ್ಲೇ ಉಳಿದು ಆ ಮೂಲೆ ಇನ್ನಷ್ಟು ಉಬ್ಬುತ್ತದೆ ಎಂದು ಕಾಕಾ ಬೇಡವೆಂದರು. ಅವರು ಹೇಳದಿದ್ದರೂ ನಾನು ಕಡಿಯುತ್ತಿರಲಿಲ್ಲ, ಏಪ್ರಿಲ್ ಮಧ್ಯಾಹ್ನ ಆ ತಗಡಿನಡಿ ಕೂರುವುದಕ್ಕೆ ಅದೊಂದೇ ದಿಕ್ಕು.

ಎರಡು ಮಳೆಗಾಲ ಕಳೆದಿವೆ. ಬೀಮಿನ ಅಡಿಯ ಖಾಲಿಗೆ ಇಣುಕಿ ಅಳೆಯುವುದು ಈಗ ನನ್ನ ಚಟವಾಗಿದೆ. ಮಗಳ ಉಕ್ಕಿನ ಸ್ಕೇಲು ಅಲ್ಲೇ ಮೊಳೆಗೆ ನೇತುಹಾಕಿದೆ. ಮೇ ಕೊನೆಯಲ್ಲಿ ಬೇವಿನ ಮೂಲೆಯಲ್ಲಿ ಎಂಬತ್ತೆರಡು ಮಿಲಿಮೀಟರ್ ಇತ್ತು. ಸೆಪ್ಟೆಂಬರ್‌ನಲ್ಲಿ ಐವತ್ತೇಳು. ಫರಸಿಗಳಲ್ಲಿ ಮೂರು ತುಸು ಎದ್ದು ಗಲಗಲ ಅನ್ನುತ್ತಿವೆ, ದೀಪಾವಳಿ ಕಳೆದ ಮೇಲೆ ಎತ್ತಿ ಸರಿಯಾಗಿ ಕೂರಿಸಬೇಕು. ಬಾಗಿಲು ಒಂದು ಬೆರಳಿಗೆ ಮುಚ್ಚಿಕೊಳ್ಳುತ್ತದೆ. ಮೇಜಿನ ಮೇಲೆ ಅರ್ಧ ಕೆತ್ತಿದ ಮಣೆಯೊಂದಿದೆ, ಅದರ ನಾಲ್ಕು ಕಾಲುಗಳು ಮಾತ್ರ ಇನ್ನೂ ಒಂದೇ ಮಟ್ಟಕ್ಕೆ ಬಂದಿಲ್ಲ.